ಡ್ರಿಲ್ ಹಾಕುವ ಮೊದಲು ಪಕ್ಕದ ಮನೆಯವರನ್ನು ಕರೆಯಿರಿ

ಮೈಸೂರಿನ ಬೋಗಾದಿ ಕಡೆಯ ಒಂದು ಮನೆ. ಮೂವತ್ತು ನಲವತ್ತರ ಸೈಟು. ಪಕ್ಕದ ಮನೆಗೂ ಇದಕ್ಕೂ ನಡುವೆ ಒಂದು ಕಾಂಪೌಂಡು, ಅದರ ಆಚೆ ಈಚೆ ಮೂರು ಮೂರು ಅಡಿ ಸಂದು. ಅಲ್ಲಿ ನಾಲ್ಕು ಕ್ಯಾಮೆರಾ ಹಾಕಿಕೊಟ್ಟವನು ನಾನೇ. ಮೂರು ತಿಂಗಳಾದ ಮೇಲೆ ರೆಕಾರ್ಡಿಂಗ್ ನಿಂತಿದೆ ಎಂದು ಫೋನ್ ಬಂತು. ಹೋಗಿ ಟಿವಿ ಹಾಕಿದೆ. ಮೂರನೇ ಕ್ಯಾಮೆರಾದ ಚಿತ್ರದಲ್ಲಿ ಅರ್ಧದಷ್ಟು ಬರೀ ಹಳೆಯ ಹೂವಿನ ಬೆಡ್‌ಶೀಟು. ಅದರ ಕೆಳಗೆ ಒಂದು ನೀಲಿ ಬಕೆಟ್ಟು, ಬಟ್ಟೆ ಒಗೆಯುವ ಕಲ್ಲಿನ ಒಂದು ಮೂಲೆ, ಎರಡು ಪಾದ.

ನಾನು ಹಾಕಿದ ಕ್ಯಾಮೆರಾ ಪಕ್ಕದ ಮನೆಯ ಹಿತ್ತಲನ್ನು ಪೂರ್ತಿ ನೋಡುತ್ತಿತ್ತು. ಆ ಮನೆಯಾಕೆ ಅಡ್ಡ ಹಗ್ಗ ಕಟ್ಟಿ ಬೆಡ್‌ಶೀಟು ಇಳಿಬಿಟ್ಟಿದ್ದರು. ಹೋಗಿ ಮಾತಾಡಿಸಿದೆ. "ಇಪ್ಪತ್ತು ವರ್ಷದಿಂದ ಇಲ್ಲೇ ಬಟ್ಟೆ ಒಗೀತಿದ್ದೀನಿ ಕಣಪ್ಪ. ಈಗ ಸೀರೆ ಎತ್ತಿ ಸಿಕ್ಕಿಸ್ಕೊಳ್ಳೋಕೂ ಯೋಚನೆ ಮಾಡ್ಬೇಕು" ಅಂದರು. ಜಗಳ ಆಡಲಿಲ್ಲ, ದೂರು ಕೊಡಲಿಲ್ಲ. ತಮ್ಮ ಮನೆಯ ಬಿಸಿಲನ್ನೇ ಮುಚ್ಚಿಕೊಂಡು ಮೂರು ತಿಂಗಳು ಕಳೆದಿದ್ದರು.

ಆವತ್ತಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಮನೆಗೆ ಕ್ಯಾಮೆರಾ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಇಬ್ಬರೇ ಇರುತ್ತಾರೆ, ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಅವರ ಭಯ ನಿಜವಾದದ್ದು. ಆದರೆ ಪಕ್ಕದ ಮನೆಯವರ ಬದುಕನ್ನು ರೆಕಾರ್ಡ್ ಮಾಡದೆಯೂ ನಿಮ್ಮ ಮನೆ ಕಾಯಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲು ಮನೆ ಸುತ್ತ ಒಂದು ಸುತ್ತು

ಕ್ಯಾಮೆರಾ ಕೊಳ್ಳುವ ಮೊದಲು ಕೈಯಲ್ಲಿ ಒಂದು ಚೀಟಿ ಹಿಡಿದು ಮನೆ ಸುತ್ತ ನಡೆಯಿರಿ. ಕಳ್ಳ ಎಲ್ಲಿಂದ ಒಳಗೆ ಬರಬಹುದು ಎಂದಷ್ಟೇ ಬರೆಯಿರಿ. ಸಾಮಾನ್ಯವಾಗಿ ನಾಲ್ಕೇ ಜಾಗ: ಗೇಟು, ಮುಂಬಾಗಿಲು, ಹಿಂಬಾಗಿಲು, ಟೆರೇಸಿನ ಬಾಗಿಲು. ಕ್ಯಾಮೆರಾ ನೋಡಬೇಕಾದದ್ದೂ ಇವನ್ನೇ. "ರಸ್ತೆ ಪೂರ್ತಿ ಕಾಣ್ಬೇಕು ಸಾರ್" ಎಂದು ತುಂಬಾ ಜನ ಕೇಳುತ್ತಾರೆ. ರಸ್ತೆ ಪೂರ್ತಿ ಕಂಡರೆ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಎಲ್ಲರೂ ಇರುವೆ ಥರ ಕಾಣುತ್ತಾರೆ.

ಅದಕ್ಕೆ ಕಾರಣ ಲೆನ್ಸು. ಅಂಗಡಿಯಲ್ಲಿ ಸುಮ್ನೆ "ಎರಡು ಮೆಗಾಪಿಕ್ಸೆಲ್ ಬುಲೆಟ್ ಕ್ಯಾಮೆರಾ ಕೊಡಿ" ಅಂದರೆ 2.8 ಅಥವಾ 3.6 ಎಂಎಂ ಲೆನ್ಸಿನದು ಕೈಗೆ ಬರುತ್ತದೆ. 2.8 ಎಂಎಂ ಲೆನ್ಸು ಅಡ್ಡಕ್ಕೆ ಸುಮಾರು 100 ಡಿಗ್ರಿ ನೋಡುತ್ತದೆ. ಒಂದು ಸಣ್ಣ ಸೈಟಿನ ಮೂಲೆಯಲ್ಲಿ ಅದನ್ನು ಕೂರಿಸಿದರೆ ನಿಮ್ಮ ಗೇಟಿನ ಜೊತೆಗೆ ಪಕ್ಕದ ಮನೆ ಜಗಲಿ, ಎದುರು ಮನೆ ಬೆಡ್‌ರೂಮ್ ಕಿಟಕಿ ಎಲ್ಲವೂ ಬಂದು ಕೂರುತ್ತವೆ. 6 ಎಂಎಂ ಲೆನ್ಸು ಸುಮಾರು 50 ಡಿಗ್ರಿ ನೋಡುತ್ತದೆ. ಗೇಟು ಮಾತ್ರ ಸಾಕು ಅನ್ನುವವರಿಗೆ ಅದೇ ಒಳ್ಳೆಯದು. ಗೇಟಿಗೆ ಬಂದವರ ಮುಖವೂ ದೊಡ್ಡದಾಗಿ ಸಿಗುತ್ತದೆ. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ, ಕೇಳಿ ತರಿಸಿಕೊಳ್ಳಬೇಕು ಅಷ್ಟೇ.

ಮನೆ ಪಕ್ಕದ ಸಂದಿಗೆ ಬೇರೆ ಉಪಾಯ ಇದೆ. ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಹಲವು ಐಪಿ ಕ್ಯಾಮೆರಾಗಳಲ್ಲಿ ಕಾರಿಡಾರ್ ಮೋಡ್ ಎಂದು ಇರುತ್ತದೆ. ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿ ಈ ಮೋಡ್ ಹಾಕಿದರೆ, ಫೋನನ್ನು ಉದ್ದಕ್ಕೆ ಹಿಡಿದಂತೆ ಚಿತ್ರ ಬರುತ್ತದೆ. ಸಂದಿ ಆ ತುದಿಯವರೆಗೆ ಕಾಣುತ್ತದೆ, ಕಾಂಪೌಂಡಿನ ಆಚೆಯದು ಹೆಚ್ಚಿನ ಪಾಲು ಬಿಟ್ಟುಹೋಗುತ್ತದೆ.

ಹೊರಗಿನಿಂದ ಒಳಕ್ಕೆ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎಲ್ಲರೂ ಮನೆಯ ಗೋಡೆಗೆ ಕ್ಯಾಮೆರಾ ಹೊಡೆದು ಅದರ ಮುಖ ಹೊರಗೆ ತಿರುಗಿಸುತ್ತಾರೆ. ಅದನ್ನು ತಿರುವುಮುರುವು ಮಾಡಿ. ಗೇಟಿನ ಕಂಬದ ಮೇಲೆ, ಇಲ್ಲವೇ ಕಾಂಪೌಂಡಿನ ಮೂಲೆಯಲ್ಲಿ ಒಂದು ಜಿಐ ಪೈಪು ನಿಲ್ಲಿಸಿ, ಅಲ್ಲಿಂದ ನಿಮ್ಮ ಮನೆಯ ಕಡೆಗೇ ಕ್ಯಾಮೆರಾ ತಿರುಗಿಸಿ. ಆಗ ನಿಮ್ಮ ಬಾಗಿಲು, ನಿಮ್ಮ ಕಿಟಕಿ, ನಿಮ್ಮ ಸ್ಕೂಟರು ಎಲ್ಲವೂ ಒಂದೇ ಚಿತ್ರದಲ್ಲಿ ಸಿಗುತ್ತವೆ. ಕ್ಯಾಮೆರಾದ ಬೆನ್ನ ಹಿಂದೆ ಇರುವ ಬೇರೆಯವರ ಮನೆ ಕಾಣುವುದೇ ಇಲ್ಲ. ಕೇಬಲ್ ಒಂದು ಹತ್ತು ಹದಿನೈದು ಮೀಟರ್ ಜಾಸ್ತಿ ಬೇಕಾಗುತ್ತದೆ, ಅದನ್ನು ಪಿವಿಸಿ ಪೈಪಿನೊಳಗೆ ಎಳೆಯಬೇಕು, ಮಳೆಗೆ ಜಂಕ್ಷನ್ ಬಾಕ್ಸು ಗಟ್ಟಿಯಾಗಿ ಮುಚ್ಚಬೇಕು. ಇಷ್ಟು ಕೆಲಸ ಉಳಿಸಲು ನಮ್ಮಂಥ ಕೆಲಸದವರು ಗೋಡೆಗೇ ಹೊಡೆದು ಹೋಗುತ್ತೇವೆ. ನೀವು ಬಿಡಬೇಡಿ, ಕೇಳಿ ಮಾಡಿಸಿಕೊಳ್ಳಿ.

ಎತ್ತರ ಎಂಟು ಒಂಬತ್ತು ಅಡಿ ಸಾಕು. ಎರಡನೇ ಮಹಡಿಯಲ್ಲಿ ಹಾಕಿದರೆ ಬಂದವರ ತಲೆಗೂದಲು ಕಾಣುತ್ತದೆ, ಮುಖ ಕಾಣುವುದಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯ ಹಿತ್ತಲು ಮಾತ್ರ ಚೆನ್ನಾಗಿ ಕಾಣುತ್ತದೆ.

ಇನ್ನು ಡ್ರಿಲ್ ಹಾಕುವ ಮೊದಲಿನ ಆ ಹತ್ತು ನಿಮಿಷ. ಕ್ಯಾಮೆರಾವನ್ನು ಗೋಡೆಗೆ ಕಚ್ಚಿಸಬೇಡಿ. ಒಬ್ಬರು ಏಣಿ ಹತ್ತಿ ಆ ಜಾಗದಲ್ಲಿ ಕೈಯಲ್ಲೇ ಹಿಡಿದುಕೊಳ್ಳಲಿ. ಚಿತ್ರ ಫೋನಿನಲ್ಲಿ ಬರುವ ಹಾಗೆ ಮಾಡಿ. ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿ, "ಅಕ್ಕ, ಕ್ಯಾಮೆರಾ ಹಾಕಿಸ್ತಾ ಇದ್ದೀವಿ, ಒಂದ್ನಿಮಿಷ ಬಂದು ನೋಡ್ತೀರಾ, ನಿಮ್ಮ ಮನೆ ಏನಾದ್ರೂ ಕಾಣುತ್ತಾ ಅಂತ" ಎಂದು ಕರೆಯಿರಿ. ಫೋನನ್ನು ಅವರ ಕೈಗೇ ಕೊಡಿ. ಮನೆಯ ಯಜಮಾನರನ್ನು ಮಾತ್ರ ಕರೆಯಬೇಡಿ, ಹೆಂಗಸರನ್ನೂ ಕರೆಯಿರಿ. ಹಿತ್ತಲಿನಲ್ಲಿ ಜಾಸ್ತಿ ಹೊತ್ತು ಇರುವವರು ಅವರೇ, ಯಾವ ಮೂಲೆ ಕಾಣಬಾರದು ಎಂಬುದು ಅವರಿಗೇ ಗೊತ್ತಿರುತ್ತದೆ. ಒಮ್ಮೆ ಒಬ್ಬ ಅಜ್ಜಿ ಪರದೆಯ ಮೇಲೆ ಬೆರಳಿಟ್ಟು, "ಇದು ನಮ್ಮ ಬಚ್ಚಲಿನ ಗವಾಕ್ಷಿ ಅಲ್ವೇನಪ್ಪಾ" ಎಂದರು. ಬೂದು ಬಣ್ಣದ ಒಂದು ಚೌಕ ಅದು. ನನಗೆ ಅದು ಬರೀ ಗೋಡೆಯಂತೆ ಕಂಡಿತ್ತು.

ಕತ್ತಲಾದ ಮೇಲೆ ಇನ್ನೊಮ್ಮೆ ನೋಡಬೇಕು. ಹಗಲಲ್ಲಿ ಕಿಟಕಿಯ ಗಾಜು ಕಪ್ಪಗೆ ಕಾಣುತ್ತದೆ. ರಾತ್ರಿ ಒಳಗೆ ದೀಪ ಹಾಕಿದರೆ ಇಡೀ ಕೋಣೆಯೇ ಕಾಣುತ್ತದೆ. ಈಗ ರಾತ್ರಿಯೂ ಬಣ್ಣದ ಚಿತ್ರ ಕೊಡುವ ಕ್ಯಾಮೆರಾಗಳು ಬಂದಿವೆ, ಅವುಗಳಲ್ಲಿ ಬಿಳಿ ಎಲ್‌ಇಡಿ ದೀಪ ಇರುತ್ತದೆ. ಅದು ಎದುರು ಮನೆಯ ಮಲಗುವ ಕೋಣೆಗೆ ರಾತ್ರಿಯೆಲ್ಲಾ ಹೊಡೆದರೆ ಅವರು ನಿದ್ದೆ ಮಾಡುವುದು ಹೇಗೆ? ಸೆಟ್ಟಿಂಗ್‌ನಲ್ಲಿ ದೀಪವನ್ನು ಇನ್‌ಫ್ರಾರೆಡ್‌ಗೆ ಬದಲಾಯಿಸಿ, ಇಲ್ಲವೇ ಯಾರಾದರೂ ಓಡಾಡಿದಾಗ ಮಾತ್ರ ಹತ್ತುವಂತೆ ಮಾಡಿ.

ಮಾಸ್ಕ್ ಹಾಕುವುದು, ಮೈಕ್ ಆರಿಸುವುದು

ಎಷ್ಟೇ ತಿರುಗಿಸಿದರೂ ಪಕ್ಕದವರ ಕಿಟಕಿಯ ಒಂದು ಮೂಲೆ ಬಂದೇ ಬರುತ್ತದೆ ಎಂದರೆ ಪ್ರೈವೆಸಿ ಮಾಸ್ಕ್ ಹಾಕಬೇಕು. ಚಿತ್ರ ರೆಕಾರ್ಡ್ ಮಾಡಿಡುವ ಪೆಟ್ಟಿಗೆಗಳಾದ ಬಹುತೇಕ ಡಿವಿಆರ್, ಎನ್‌ವಿಆರ್‌ಗಳಲ್ಲಿ ಇದು ಇದೆ. ಮೆನುವಿನಲ್ಲಿ ಕ್ಯಾಮೆರಾ ಸೆಟ್ಟಿಂಗ್ ತೆರೆದರೆ ಪ್ರೈವೆಸಿ ಮಾಸ್ಕ್ ಎಂದು ಸಿಗುತ್ತದೆ. ಮೌಸ್‌ನಿಂದ ಆ ಜಾಗದ ಮೇಲೆ ಚೌಕ ಎಳೆದು ಸೇವ್ ಮಾಡಿ. ಅಷ್ಟು ಭಾಗ ಕಪ್ಪಾಗುತ್ತದೆ, ರೆಕಾರ್ಡಿಂಗ್‌ನಲ್ಲೂ ಕಪ್ಪಾಗಿಯೇ ಇರುತ್ತದೆ. ಸೇವ್ ಆದ ಮೇಲೆ ಐದು ನಿಮಿಷ ಬಿಟ್ಟು ಪ್ಲೇಬ್ಯಾಕ್ ಹಾಕಿ ಖಾತ್ರಿ ಮಾಡಿಕೊಳ್ಳಿ.

ಮೋಷನ್ ಝೋನ್ ಬೇರೆ, ಮಾಸ್ಕ್ ಬೇರೆ. ಮೋಷನ್ ಝೋನ್ ಎಂದರೆ ಯಾವ ಜಾಗದಲ್ಲಿ ಅಲುಗಾಡಿದರೆ ನಿಮಗೆ ಅಲರ್ಟ್ ಬರಬೇಕು ಎಂಬುದು ಮಾತ್ರ. ಝೋನ್ ಹೊರಗಿನದೂ ರೆಕಾರ್ಡ್ ಆಗುತ್ತದೆ. ಸುತ್ತ ತಿರುಗುವ ವೈಫೈ ಕ್ಯಾಮೆರಾಗಳಲ್ಲಿ ಪ್ರೈವೆಸಿ ಮೋಡ್ ಎಂಬ ಗುಂಡಿ ಇರುತ್ತದೆ, ಅದು ಕ್ಯಾಮೆರಾವನ್ನೇ ಮಲಗಿಸುವುದಕ್ಕೆ. ಅಂಥ ತಿರುಗುವ ಕ್ಯಾಮೆರಾವನ್ನು ಹೊರಗೆ ಹಾಕಬೇಡಿ ಎಂದೇ ನಾನು ಹೇಳುತ್ತೇನೆ. ಇವತ್ತು ಗೇಟು ನೋಡುತ್ತಿದ್ದದ್ದು ನಾಳೆ ಯಾವ ಕಡೆ ತಿರುಗಿದೆ ಎಂದು ಪಕ್ಕದವರಿಗೆ ಹೇಗೆ ಗೊತ್ತಾಗಬೇಕು?

ಮಾಸ್ಕ್‌ಗೂ ಇದೇ ಕೊರತೆ ಇದೆ. ಮಾಸ್ಕ್ ನಿಮ್ಮ ಪರದೆಯಲ್ಲಿ ಮಾತ್ರ ಕಾಣುತ್ತದೆ. ಪಕ್ಕದ ಮನೆಯ ಹುಡುಗಿಗೆ ಕಾಣುವುದು ತನ್ನ ಕಡೆ ನೋಡುತ್ತಿರುವ ಲೆನ್ಸು. ಅದಕ್ಕೇ ಮಾಸ್ಕ್ ಜೊತೆಗೆ ಕ್ಯಾಮೆರಾದ ಪಕ್ಕಕ್ಕೆ ಒಂದು ಅಡ್ಡ ತಗಡು ಅಥವಾ ಸೀಳಿದ ಪಿವಿಸಿ ಪೈಪಿನ ತುಂಡು ಸಿಕ್ಕಿಸಿ. ಖರ್ಚು ತೀರಾ ಕಡಿಮೆ. ಅವರ ಮನೆಯಿಂದ ನೋಡಿದಾಗ ಲೆನ್ಸು ಕಾಣದಿದ್ದರೆ ಲೆನ್ಸಿಗೂ ಅವರು ಕಾಣುವುದಿಲ್ಲ.

ಮೈಕ್ ಇರುವ ಕ್ಯಾಮೆರಾ ಆದರೆ ಆಡಿಯೋ ರೆಕಾರ್ಡಿಂಗ್ ಆಫ್ ಮಾಡಿ. ಕಾಂಪೌಂಡ್ ಆಚೆ ಗಂಡ ಹೆಂಡತಿ ಮಾತಾಡಿದ್ದು, ಫೋನಿನಲ್ಲಿ ಯಾರೋ ಸಾಲದ ವಿಷಯ ಹೇಳಿಕೊಂಡು ಅತ್ತದ್ದು, ಇವೆಲ್ಲ ನಿಮ್ಮ ಡಿವಿಆರ್‌ನಲ್ಲಿ ಯಾಕೆ ಇರಬೇಕು? ಬ್ರಿಟನ್‌ನಲ್ಲಿ ಇರುವ ಕನ್ನಡಿಗರು ಇದನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು. 2021ರಲ್ಲಿ ಆಕ್ಸ್‌ಫರ್ಡಿನ ಕೋರ್ಟಿನಲ್ಲಿ ಒಬ್ಬ ಮನೆಯೊಡೆಯರು ತಮ್ಮ ಡೋರ್‌ಬೆಲ್ ಮತ್ತು ಕ್ಯಾಮೆರಾಗಳ ವಿಷಯದಲ್ಲಿ ಪಕ್ಕದ ಮನೆಯಾಕೆಯ ಎದುರು ಸೋತರು. ಚಿತ್ರಕ್ಕಿಂತ ದೂರದ ಮಾತು ಹಿಡಿಯುವ ಮೈಕೇ ಹೆಚ್ಚು ತೊಂದರೆಯದ್ದು ಎಂದು ಆ ನ್ಯಾಯಾಧೀಶರು ಹೇಳಿದರು.

ನಮ್ಮ ಕಾನೂನು ಏನು ಹೇಳುತ್ತದೆ

ನಾನು ವಕೀಲನಲ್ಲ. ಆದರೆ ಗಿರಾಕಿಗಳು ಕೇಳುತ್ತಾರೆ, ಹಾಗಾಗಿ ತಿಳಿದುಕೊಂಡಿದ್ದೇನೆ. ನಿಮ್ಮ ಮನೆಗೆ ನೀವು ಕ್ಯಾಮೆರಾ ಹಾಕುವುದು ತಪ್ಪಲ್ಲ. ಮುಂದಿನ ರಸ್ತೆಯ ಸ್ವಲ್ಪ ಭಾಗ ಕಂಡರೆ ಅದೂ ಅಪರಾಧವಲ್ಲ. ತೊಂದರೆ ಶುರುವಾಗುವುದು ಬೇರೆಯವರ ಮನೆಯ ಒಳಗನ್ನು ನೋಡಿದಾಗ.

ಈ ಮರ್ಯಾದೆ ಹೊಸದೇನಲ್ಲ. ಪಕ್ಕದ ಆಸ್ತಿಯ ಮೇಲೆ ಇರುವ ಹಕ್ಕುಗಳ ಬಗೆಗಿನ 1882ರ ಈಸ್‌ಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಒಂದು ಉದಾಹರಣೆ ಇದೆ. ಊರಿನ ರೂಢಿ ಹಾಗಿದ್ದರೆ, ಪಕ್ಕದ ಮನೆಯಲ್ಲಿ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಭಾಗ ಕಾಣುವಂತೆ ಹೊಸ ಕಿಟಕಿ ತೆರೆಯುವಂತಿಲ್ಲ ಎಂದು. ಆ ಕಾಯ್ದೆ ಮೊದಲು ಜಾರಿಗೆ ಬಂದ ಪ್ರದೇಶಗಳಲ್ಲಿ ನಮ್ಮ ಕೊಡಗೂ ಒಂದು. ಅವತ್ತು ಕಿಟಕಿ, ಇವತ್ತು ಲೆನ್ಸು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. ಈ ತೀರ್ಪು ಬಂದದ್ದು ಆಧಾರ್ ವಿಷಯದಲ್ಲಿ. ಆದರೆ ಮನೆ ಕ್ಯಾಮೆರಾಗಳ ಜಗಳದಲ್ಲೂ ಈಗ ಇದೇ ಹಕ್ಕಿನ ಮಾತು ಬರುತ್ತದೆ. ಭದ್ರತೆಯ ಹೆಸರಿನಲ್ಲಿ ಪಕ್ಕದ ಮನೆಯೊಳಗೆ ಇಣುಕುವಂತಿಲ್ಲ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತು. ಒಂದೇ ಮನೆಯಲ್ಲಿರುವ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಹಾಕುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಕೆಳಗೆ ಬಾಡಿಗೆಯವರನ್ನು ಇಟ್ಟು ಮೇಲೆ ಇರುವ ಓನರ್‌ಗಳು ಈ ಎರಡನೆಯದನ್ನು ಗಮನಿಸಬೇಕು. ಬಾಡಿಗೆಯವರ ಬಾಗಿಲಿಗೇ ಕ್ಯಾಮೆರಾ ತಿರುಗಿಸಿ ಯಾರು ಬಂದರು, ಯಾರು ಹೋದರು ಎಂದು ಲೆಕ್ಕ ಇಡುವುದು ಕಾವಲು ಅಲ್ಲ.

ಇನ್ನು ನೇರ ಅಪರಾಧ ಆಗುವುದು ಯಾವಾಗ? ಹೆಂಗಸರು ಬಟ್ಟೆ ಬದಲಾಯಿಸುವುದು, ಸ್ನಾನ, ಶೌಚ ಇಂಥದ್ದನ್ನು ನೋಡಿದರೆ ಅಥವಾ ಸೆರೆಹಿಡಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ ಜೈಲು, ಜೊತೆಗೆ ದಂಡ. ಗಂಡಾಗಲಿ ಹೆಣ್ಣಾಗಲಿ, ಯಾರದೇ ಗುಪ್ತಾಂಗದ ಚಿತ್ರ ಬೇಕೆಂದೇ ತೆಗೆದರೆ, ಹಂಚಿದರೆ ಐಟಿ ಕಾಯ್ದೆಯ 66ಇ ಸೆಕ್ಷನ್. ಮೂರು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಬೇರೆಯವರ ಮಾಹಿತಿ ಇಟ್ಟುಕೊಳ್ಳುವವರಿಗೆ ನಿಯಮ ಹಾಕುವ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಮನೆಬಳಕೆಗೆ ವಿನಾಯಿತಿ ಕೊಟ್ಟಿದೆ. ಆದರೆ ಆ ವಿನಾಯಿತಿ ವ್ಯಕ್ತಿಗಳಿಗೆ ಮಾತ್ರ, ಅಪಾರ್ಟ್‌ಮೆಂಟ್ ಸಂಘಕ್ಕೆ ಅಲ್ಲ.

ಅಪಾರ್ಟ್‌ಮೆಂಟ್ ಎಂದಾಗ ವಿಡಿಯೋ ಡೋರ್‌ಬೆಲ್ ನೆನಪಾಯಿತು. ಎದುರು ಫ್ಲಾಟಿನ ಬಾಗಿಲು ಐದಾರು ಅಡಿ ದೂರದಲ್ಲಿ ಇರುತ್ತದೆ. ಅವರು ಬಾಗಿಲು ತೆರೆದಾಗಲೆಲ್ಲ ಅವರ ಹಾಲ್ ನಿಮ್ಮ ಫೋನಿಗೆ ಬರುತ್ತದೆ. ಬೆಲ್ ಒತ್ತಿದಾಗ ಮಾತ್ರ ರೆಕಾರ್ಡ್ ಆಗುವಂತೆ ಇಡಿ. ಡೋರ್‌ಬೆಲ್ ಜೊತೆ ಬರುವ ಓರೆ ತುಂಡನ್ನು ಹಿಂದೆ ಕೊಟ್ಟು ಲಿಫ್ಟಿನ ಕಡೆ ತಿರುಗಿಸಿ.

ರೆಕಾರ್ಡ್ ಆದದ್ದನ್ನು ಏನು ಮಾಡಬೇಕು

ನಾಲ್ಕು ಕ್ಯಾಮೆರಾ, ಒಂದೊಂದೂ 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ದಿನವಿಡೀ ರೆಕಾರ್ಡ್ ಆದರೆ ದಿನಕ್ಕೆ ಸುಮಾರು 86 ಜಿಬಿ. 1 ಟಿಬಿ ಹಾರ್ಡ್ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಮನೆಗೆ ಅಷ್ಟು ಸಾಕು. ಊರಿಗೆ ಹೋಗಿ ಬಂದರೂ ನೋಡಬಹುದು.

ಪಾಸ್‌ವರ್ಡ್ ವಿಷಯ ನಾನೇ ಹೇಳಬೇಕು. ಹಾಕಿಕೊಟ್ಟವನಿಗೆ ನಿಮ್ಮ ಡಿವಿಆರ್‌ನ ಪಾಸ್‌ವರ್ಡ್ ಗೊತ್ತಿರುತ್ತದೆ. ಅವನ ಫೋನಿನಲ್ಲಿ ನಿಮ್ಮ ಮನೆಯ ಕ್ಯಾಮೆರಾ ಇನ್ನೂ ಇರಬಹುದು. ಅವನು ಗೇಟು ದಾಟಿದ ತಕ್ಷಣ ಬದಲಾಯಿಸಿ. ಆ್ಯಪ್‌ನಲ್ಲಿ ಯಾರ್‍ಯಾರಿಗೆ ಶೇರ್ ಆಗಿದೆ ಎಂದು ನೋಡಿ, ಬೇಡದವರನ್ನು ತೆಗೆಯಿರಿ. ಇದು ನಿಮ್ಮ ಮನೆಗಷ್ಟೇ ಅಲ್ಲ, ನಿಮ್ಮ ಕ್ಯಾಮೆರಾ ಮುಂದೆ ಹಾದುಹೋಗುವ ಎಲ್ಲರಿಗೂ ಸಂಬಂಧಿಸಿದ್ದು.

ಕ್ಲಿಪ್ಪನ್ನು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಒಂದು ಬೀದಿಯಲ್ಲಿ ರಾತ್ರಿ ಹನ್ನೊಂದೂವರೆಗೆ ಬೈಕಿನಿಂದ ಇಳಿದ ಹುಡುಗಿಯ ಹದಿನೈದು ಸೆಕೆಂಡಿನ ಕ್ಲಿಪ್ಪು ಗುಂಪಿಗೆ ಬಂತು. ಆಕೆ ಕೆಲಸ ಮುಗಿಸಿ ಅಣ್ಣನ ಜೊತೆ ಬಂದದ್ದು. ಎರಡು ತಿಂಗಳಲ್ಲಿ ಆ ಮನೆಯವರು ಬೀದಿ ಬಿಟ್ಟರು. ಕಳ್ಳತನ ಆಗಿದ್ದರೆ ಪೊಲೀಸರಿಗೆ ಕೊಡಿ. ಪೆನ್‌ಡ್ರೈವ್‌ಗೆ ಹಾಕಿ ಕೊಡಿ, ಡಿವಿಆರ್‌ನಲ್ಲಿರುವ ಮೂಲವನ್ನು ಅಳಿಸಬೇಡಿ. ಕೋರ್ಟಿಗೆ ಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಕ್ಲಿಪ್ಪು ಯಾವ ಯಂತ್ರದಿಂದ ಹೇಗೆ ತೆಗೆದದ್ದು ಎಂಬ ಪ್ರಮಾಣಪತ್ರ ಕೇಳುತ್ತಾರೆ.

ಪಕ್ಕದವರ ಕ್ಯಾಮೆರಾ ನಿಮ್ಮನ್ನು ನೋಡುತ್ತಿದ್ದರೆ

ಮೊದಲು ಹೋಗಿ ಕೇಳಿ, "ಪರದೆ ಒಂದ್ಸಲ ತೋರಿಸ್ತೀರಾ" ಎಂದು. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನಿಮ್ಮ ಕಡೆ ತಿರುಗಿದಂತೆ ಕಾಣುವ ಕ್ಯಾಮೆರಾ ಎಷ್ಟೋ ಸಲ ಅವರ ಸಂಪನ್ನು ನೋಡುತ್ತಿರುತ್ತದೆ. ನಿಜವಾಗಿಯೂ ನಿಮ್ಮ ಮನೆ ಕಾಣುತ್ತಿದ್ದರೆ ತಿರುಗಿಸಲು, ಮಾಸ್ಕ್ ಹಾಕಲು ಹೇಳಿ. ಮೇಲೆ ಬರೆದದ್ದನ್ನೇ ಓದಿ ಹೇಳಿ.

ಒಪ್ಪದಿದ್ದರೆ ನಿಮ್ಮ ಕಿಟಕಿಯಿಂದ ಆ ಕ್ಯಾಮೆರಾ ಹೇಗೆ ಕಾಣುತ್ತದೆ ಎಂದು ದಿನಾಂಕ ಬರುವಂತೆ ಫೋಟೋ ತೆಗೆಯಿರಿ. ಒಂದು ಕಾಗದ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಸಂಘ ಇದ್ದರೆ ಸಂಘಕ್ಕೂ ಕೊಡಿ. ಆಮೇಲೆ ಠಾಣೆ. ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. ಬಚ್ಚಲು, ಮಲಗುವ ಕೋಣೆ ಕಾಣುತ್ತಿದ್ದರೆ ಕಾಗದ ಗೀಗದ ಎಂದು ಕಾಯಬೇಡಿ, ನೇರ ಠಾಣೆಗೇ ಹೋಗಿ. ಉಳಿದದ್ದಕ್ಕೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಸಿಟ್ಟಿನಲ್ಲಿ ಕ್ಯಾಮೆರಾಕ್ಕೆ ಕಲ್ಲು ಹೊಡೆಯಬೇಡಿ, ವೈರ್ ಕತ್ತರಿಸಬೇಡಿ. ಆಗ ಕೇಸು ನಿಮ್ಮ ಮೇಲೆ ಆಗುತ್ತದೆ. ತೀರ್ಮಾನ ಆಗುವವರೆಗೆ ನಿಮ್ಮ ಜಾಗದಲ್ಲೇ ಹಸಿರು ಶೇಡ್ ನೆಟ್ ಕಟ್ಟಿಕೊಳ್ಳಬಹುದು, ಅದಕ್ಕೆ ಯಾರೂ ಏನೂ ಅನ್ನುವಂತಿಲ್ಲ.

ಬೋಗಾದಿಯ ಆ ಮನೆಯ ಮೂರನೇ ಕ್ಯಾಮೆರಾ ಬಿಚ್ಚಿ, ಸಂದಿಯ ಹಿಂದಿನ ತುದಿಗೆ ಹಾಕಿ, ಮುಂದಕ್ಕೆ ತಿರುಗಿಸಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಪಕ್ಕದ ಮನೆಯಾಕೆಯನ್ನು ಕರೆದು ಟಿವಿ ಮುಂದೆ ಕೂರಿಸಿದೆವು. ಅವರು ಎದ್ದು ತಮ್ಮ ಹಿತ್ತಲಿಗೆ ಹೋಗಿ, ಕಲ್ಲಿನ ಹತ್ತಿರ ನಿಂತು, "ಕಾಣ್ತಿದ್ದೀನಾ?" ಎಂದು ಕೂಗಿದರು. ಈ ಕಡೆಯಿಂದ ಮನೆಯೊಡತಿ "ಇಲ್ಲ ಅಕ್ಕಾ" ಎಂದರು. ಕೈ ಎತ್ತಿ ಆಡಿಸಿ ಇನ್ನೊಮ್ಮೆ ಕೇಳಿದರು. ಆಮೇಲೆ ಬೆಡ್‌ಶೀಟಿನ ಹಗ್ಗ ಬಿಚ್ಚುವ ಸದ್ದು ಕೇಳಿಸಿತು.